ಹೆಡ್ವಿಗಳ ಮನೆ, ತನಿಯನ ಮನೆ

ಜರ್ಮನಿಯಲ್ಲಿ ಒಂದು ವರ್ಷ ಇದ್ದು ಬಂದವಳು ಎಂದು ತಿಳಿದವರು ಮೊದಲು ಕೇಳುವುದು ಹಿಮದ ಬಗ್ಗೆ. ಆಮೇಲೆ, ಅಲ್ಲಿ ಅನ್ನ ಸಿಗುತ್ತದೆಯೇ ಎಂದು. ಎರಡಕ್ಕೂ ನನ್ನಲ್ಲಿ ಉತ್ತರ ಉಂಟು. ಆದರೆ ನನಗೆ ಹೇಳಬೇಕೆನಿಸುವುದು ಬೇರೆ. ಆ ವರ್ಷದ ಬೇಸಗೆಯಲ್ಲಿ ಮೂರು ವಾರ ನಾನು, ನನ್ನ ಗಂಡ, ಹನ್ನೆರಡು ವರ್ಷದ ಮಗಳು ವಾರಿಜ, ಮೂವರೂ ಗಾರೆ ಕಲಸಿ, ಇಟ್ಟಿಗೆ ಹೊತ್ತು, ಗುರುತು ಪರಿಚಯವಿಲ್ಲದವರಿಗೆ ಮನೆ ಕಟ್ಟಿದೆವು. ಆ ಮೂರು ವಾರದಲ್ಲಿ ನಾನು ಬೆಚ್ಚಿದಷ್ಟು ಸಲ ಉಳಿದ ಆಯುಷ್ಯದಲ್ಲೆಲ್ಲ ಸೇರಿಸಿದರೂ ಬೆಚ್ಚಿಲ್ಲ.

ಬಂಟ್ವಾಳ

ಇವರು, ಎಂದರೆ ನನ್ನ ಗಂಡ, ಬಂಟ್ವಾಳದಲ್ಲಿ ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯ ಮೇಲ್ವಿಚಾರಕರು. ನೇತ್ರಾವತಿಯ ಜೇಡಿಮಣ್ಣು ಒಲೆಯಲ್ಲಿ ಹದವಾಗಿ ಬೆಂದಿದೆಯೋ ಇಲ್ಲವೋ ಎಂಬುದು ಇವರಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಕನ್ನಡ ರಾಜ್ಯ ಒಂದಾಗಿ ಎರಡು ಮಳೆಗಾಲ ಕಳೆದಿದ್ದವು. ಕಾರ್ಖಾನೆಗೆ ಹೊಸ ಯಂತ್ರ ಕೊಟ್ಟ ಜರ್ಮನಿಯವರು, ಕೆಲಸ ಕಲಿಯಲು ಒಬ್ಬರನ್ನು ಒಂದು ವರ್ಷಕ್ಕೆ ಕಳಿಸಿ ಎಂದು ಬರೆದರು. ಇವರ ಹೆಸರು ಬಂತು.

ಹೆಂಡತಿ ಮಗಳು ಜೊತೆಗೆ ಹೋಗುವ ಮಾತು ಯಾರ ತಲೆಯಲ್ಲೂ ಇರಲಿಲ್ಲ. ಅದನ್ನು ತಂದವರು ನನ್ನ ಸೋದರಮಾವ. ನಮ್ಮಲ್ಲಿ ಅಳಿಯಸಂತಾನ. ಆಸ್ತಿ ತಾಯಿಯ ಕಡೆಯಿಂದ ಹೆಣ್ಣುಮಕ್ಕಳಿಗೆ ಇಳಿಯುತ್ತದೆ, ಯಜಮಾನಿಕೆ ಮಾತ್ರ ಸೋದರಮಾವನದು. ಬೆಳುವಾಯಿಯ ನಮ್ಮ ತಾಯಿಮನೆಯ ಗದ್ದೆ, ಗುಡ್ಡೆ, ಆಳುಗಳು, ಎಲ್ಲದಕ್ಕೂ ಅವರದೇ ಮಾತು. ಒಂದು ದಿನ ಹಲಸಿನ ಹಪ್ಪಳದ ಡಬ್ಬಿ ಹಿಡಿದು ಬಂಟ್ವಾಳಕ್ಕೆ ಬಸ್ಸಿನಲ್ಲಿ ಬಂದರು.

"ನಮ್ಮ ಮನೆಯ ಹೆಂಗಸರು ಮೂಡಬಿದ್ರೆಯಿಂದ ಆಚೆ ಏನು ನೋಡಿದ್ದಾರೆ?" ಎಂದರು. "ಲೀಲಾ, ನೀನೂ ಹೋಗು. ಮಗುವನ್ನೂ ಕರ್ಕೊಂಡು ಹೋಗು. ಹಡಗಿನ ಚೀಟಿ ನಾನು ಮಾಡಿಸ್ತೇನೆ."

ಇದನ್ನು ಮೊದಲೇ ಬರೆದಿಡುತ್ತೇನೆ. ಮುಂದೆ ಅವರ ಬಗ್ಗೆ ಬೇರೆ ಮಾತು ಬರುತ್ತದೆ. ನನಗೆ ಲೋಕ ತೋರಿಸಿದವರೂ ಅವರೇ.

ಹಡಗು, ಆಮೇಲೆ ರೈಲು

ಹಡಗಿನಲ್ಲಿ ನಾನು ಕಂಡದ್ದು ಹೆಚ್ಚಾಗಿ ಒಂದು ತಗಡಿನ ಬೋಗುಣಿ. ತಲೆ ಎತ್ತಿದರೆ ವಾಂತಿ. ವಾರಿಜ ಮಾತ್ರ ಮೇಲಿನ ಡೆಕ್ಕಿನಲ್ಲಿ ಒಬ್ಬ ಜರ್ಮನ್ ಮುದುಕಿಯ ಪಕ್ಕ ಕೂತು ಒಂದು, ಎರಡು, ಉಪ್ಪು, ನೀರು ಎಂದು ಭಾಷೆ ಕಲಿತಳು. ಇಟಲಿಯಲ್ಲಿ ಇಳಿದಾಗ ಸುಂಕದ ಅಧಿಕಾರಿ ಮಾವನ ಡಬ್ಬಿ ತೆರೆದು, ಒಂದು ಹಪ್ಪಳ ಬೆಳಕಿಗೆ ಹಿಡಿದು ನೋಡಿ, ಏನೆಂದು ಕೈಯಲ್ಲೇ ಕೇಳಿದ. ತಿನ್ನುವುದು ಎಂದು ನಾನು ಬಾಯಿ ತೋರಿಸಿದೆ. ಹುರಿಯಬೇಕು ಎಂದು ತೋರಿಸುವ ಮೊದಲೇ ಅವನು ಹಸಿ ಹಪ್ಪಳ ಕಚ್ಚಿದ. ತುಂಬ ಹೊತ್ತು ಅಗಿದ. ಆಮೇಲೆ ಮರ್ಯಾದೆಯಿಂದ ಡಬ್ಬಿ ಮುಚ್ಚಿ ಕೊಟ್ಟ.

ನಾವಿದ್ದ ಊರು ಜರ್ಮನಿಯ ದಕ್ಷಿಣದಲ್ಲಿ, ಒಂದು ಸಣ್ಣ ಹೊಳೆಯ ದಡದಲ್ಲಿ. ಹೊಳೆಯನ್ನು ಕಂಡು ಇವರು, "ನಮ್ಮದರ ತಂಗಿಯ ಹಾಗೆ ಉಂಟು" ಎಂದರು. ಅಲ್ಲಿನ ಜನರ ರೀತಿ ನನಗೆ ದಿನಕ್ಕೊಂದು ಪೆಟ್ಟು. ಕಲ್ಲಿದ್ದಲು ಹೊತ್ತು ತರುವವನು ಮನೆಯೊಡತಿಯ ಮೇಜಿನ ಎದುರು ಕುರ್ಚಿ ಎಳೆದು ಕೂತು ಕಾಫಿ ಕುಡಿಯುತ್ತಿದ್ದ. ಕಾರ್ಖಾನೆಯ ಫೋರ್‌ಮನ್ ಕ್ರೇಮರ್ ತನ್ನ ಮನೆಯ ಪಾಯಖಾನೆ ತಾನೇ ತೊಳೆಯುತ್ತಿದ್ದರು, ಅದೂ ಸಿಳ್ಳೆ ಹಾಕುತ್ತ. ಬಿಳಿಯರೆಂದರೆ ಕಲೆಕ್ಟರು, ಪಾದ್ರಿ, ದೊರೆ ಎಂದು ಕಲಿತು ಬೆಳೆದವಳು ನಾನು. ಈ ಜನ ಯಾವ ಜಾತಿಯ ಬಿಳಿಯರು ಎಂದೇ ತಿಳಿಯಲಿಲ್ಲ.

ಬೇಸಗೆಗೆ ಕಾರ್ಖಾನೆ ಮುಚ್ಚುತ್ತದೆ. ಕ್ರೇಮರ್ ಇವರನ್ನು ಕೇಳಿದರು: "ನಾನು, ನನ್ನ ಹೆಂಡತಿ, ಮಕ್ಕಳು ಪ್ರತಿವರ್ಷ ಮೂರು ವಾರ ಮನೆ ಇಲ್ಲದವರಿಗೆ ಮನೆ ಕಟ್ಟಲು ಹೋಗುತ್ತೇವೆ. ನಿಮ್ಮ ಕುಟುಂಬವೂ ಬರುತ್ತದೆಯೇ?"

ಇವರು ಆಗಲಿ ಎಂದುಬಿಟ್ಟರು. ಇಲ್ಲ ಎನ್ನುವುದಕ್ಕೆ ಬೇಕಾದಷ್ಟು ಜರ್ಮನ್ ತಮಗೆ ಬರುತ್ತಿರಲಿಲ್ಲ ಎಂದು ಈಗಲೂ ಹೇಳುತ್ತಾರೆ.

ಬರಾಕು

ನಮ್ಮ ಕಡೆ ದೊಡ್ಡವರು ಮನೆ ಕಟ್ಟಲು ಹೋಗುವುದೆಂದರೆ ಒಂದೇ ಅರ್ಥ. ಗೂಟ ನೆಟ್ಟು ಮಾಡುವ ಕುತ್ತಿಪೂಜೆ, ಅಡಿಗಲ್ಲು, ಎಲೆಯಡಿಕೆ, ಊಟ. ನಾನು ಟ್ರಂಕಿನ ತಳದಿಂದ ರೇಷ್ಮೆ ಸೀರೆ ತೆಗೆದು ಉಟ್ಟೆ. ವಾರಿಜಳಿಗೆ ಜರಿಯಂಚಿನ ಲಂಗ. ಕುಂಕುಮ ಇಟ್ಟು, ಬಳೆ ತೊಟ್ಟು, ಲಾರಿಯಿಂದ ಇಳಿದರೆ ಎದುರಿಗೆ ಮರಳಿನ ರಾಶಿ, ಕೆಸರು, ಅಂಗಿಯ ತೋಳು ಮಡಚಿದ ಐವತ್ತು ಅರುವತ್ತು ಮಂದಿ. ಕ್ರೇಮರರ ಹೆಂಡತಿ ನನ್ನನ್ನು ಒಮ್ಮೆ ನೋಡಿದಳು. ನಗಲಿಲ್ಲ. ಒಳಗೆ ಹೋಗಿ ಗಂಡಸರ ಒಂದು ಪ್ಯಾಂಟು, ಒಂದು ಜೊತೆ ರಬ್ಬರ್ ಬೂಟು ತಂದು ಕೈಗಿಟ್ಟಳು. ಮೇಲಿನಿಂದ ಒಂದು ಸಲಿಕೆ.

ಪ್ಯಾಂಟು ಹಾಕಿದ ನನ್ನನ್ನು ನೋಡಿ ಇವರು ಮುಖ ತಿರುಗಿಸಿದರು. "ಊರಲ್ಲಿ ಯಾರಿಗೂ ಹೇಳುವುದು ಬೇಡ" ಎಂದೆ. "ಹೇಳಿದರೆ ನಂಬಬೇಕಲ್ಲ" ಎಂದರು.

ಯಾರಿಗೆ ಮನೆ ಎಂದು ಅಂದು ಸಂಜೆ ಕಂಡೆವು. ಊರ ಹೊರಗೆ ಹಳೆಯ ಸೈನ್ಯದ ಶಿಬಿರ. ಮರದ ಉದ್ದುದ್ದ ಕೊಟ್ಟಿಗೆಗಳು. ಬರಾಕು ಎನ್ನುತ್ತಾರೆ. ಒಂದೊಂದರಲ್ಲಿ ಎಂಟು ಹತ್ತು ಸಂಸಾರ. ನಡುವೆ ಗೋಡೆಯಿಲ್ಲ, ಹಗ್ಗಕ್ಕೆ ನೇತುಹಾಕಿದ ಕಂಬಳಿ. ಈಚೆಯ ಸಂಸಾರ ಕೆಮ್ಮಿದರೆ ಆಚೆಯ ಕಂಬಳಿ ಅಲ್ಲಾಡುತ್ತಿತ್ತು. ಯುದ್ಧ ಮುಗಿದು ಗಡಿಗಳು ಸರಿದಾಗ ಪೂರ್ವದ ಊರುಗಳಿಂದ ಮನೆಮಠ ಬಿಟ್ಟು ಬಂದವರಂತೆ. ಬಂದು ಹದಿಮೂರು ವರ್ಷ. ಅಲ್ಲೇ ಹುಟ್ಟಿದ ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ನಾನು ಬಾಗಿಲಲ್ಲೇ ನಿಂತೆ. ಬಿಳಿಯ ಹೆಂಗಸರು, ಬಿಳಿಯ ಮುದುಕರು, ಕಂಬಳಿಯ ಹಿಂದೆ. ಬಿಳಿಯರಿಗೂ ಮನೆ ಇಲ್ಲದೆ ಇರಬಹುದು ಎಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ. ವಾರಿಜ ನನ್ನ ಕೈ ಹಿಡಿದು ತುಳುವಿನಲ್ಲಿ ಕೇಳಿದಳು, "ಇವರು ಬಡವರಾ ಅಮ್ಮ?"

"ಹೌದು ಕಾಣ್ತದೆ."

"ಮತ್ತೆ ಇವರಿಗೆ ಯಾಕೆ ಎಲ್ಲರೂ ಬಂದು ಕಟ್ಟಿಕೊಡುವುದು?"



ನಾಲ್ಕನೆಯ ದಿನ

ಮೊದಲ ಮೂರು ದಿನ ನಾನು ಗಾರೆ ಕಲಸಿದೆ. ನನ್ನ ಪಕ್ಕದಲ್ಲಿ ಸಲಿಕೆ ಹಿಡಿದವರು ಒಬ್ಬ ಡಾಕ್ಟರು. ಅವರ ಅಂಗೈಯಲ್ಲೂ ನನ್ನದರಲ್ಲಿದ್ದಷ್ಟೇ ಬೊಬ್ಬೆಗಳು. ಸಂಜೆ ಒಬ್ಬರ ಬೊಬ್ಬೆ ಒಬ್ಬರಿಗೆ ತೋರಿಸುತ್ತಿದ್ದೆವು. ನಾವು ಕಟ್ಟುತ್ತಿದ್ದ ಮನೆ ಹೆಡ್ವಿಗ್ ಎಂಬವಳದು. ಐವತ್ತರ ಆಸುಪಾಸಿನ ಗಟ್ಟಿ ಮೂಳೆಯ ಹೆಂಗಸು. ಅವಳೂ ಅವಳ ಮುದಿ ತಂದೆಯೂ ಬರಾಕಿನ ಕಿಟಕಿಯ ಪಕ್ಕದ ಮೂಲೆಯಲ್ಲಿದ್ದರು. ಮನೆ ಯಾರಿಗೋ ಅವರೂ ನಮ್ಮೊಡನೆ ದುಡಿಯಬೇಕು ಎಂಬುದು ಅಲ್ಲಿನ ಕ್ರಮ. ಹೆಡ್ವಿಗ್ ಇಬ್ಬರ ಕೆಲಸ ಮಾಡುತ್ತಿದ್ದಳು. ಅವಳ ತಂದೆ ಕುರ್ಚಿಯಲ್ಲಿ ಕೂತು ಬಾಗಿದ ಮೊಳೆಗಳನ್ನು ನೆಟ್ಟಗೆ ಮಾಡುತ್ತಿದ್ದ.

ನಾಲ್ಕನೆಯ ದಿನ ನನಗೂ ವಾರಿಜಳಿಗೂ ಇಟ್ಟಿಗೆ ಇಡಲು ಒಂದು ಸಣ್ಣ ಒಳಗೋಡೆ ಕೊಟ್ಟರು. ಬೆಳಗಿನಿಂದ ಮಧ್ಯಾಹ್ನದವರೆಗೆ ಐದು ವರಿಸೆ ಇಟ್ಟೆವು. ಅಷ್ಟು ಹೆಮ್ಮೆ ನನಗೆ ವಾರಿಜ ಹುಟ್ಟಿದಾಗ ಆಗಿತ್ತೋ ಏನೋ. ಕ್ರೇಮರ್ ಬಂದರು. ತೂಗುಗುಂಡು ಇಳಿಬಿಟ್ಟರು. ಒಂದು ಕಣ್ಣು ಮುಚ್ಚಿ ನೋಡಿದರು.

"ಓರೆ" ಎಂದರು. ನಾನು ನೋಡುತ್ತಿದ್ದಂತೆಯೇ ಮೇಲಿನ ನಾಲ್ಕು ವರಿಸೆಗಳನ್ನು ಕೈಯಲ್ಲಿ ತಳ್ಳಿ ಕೆಡವಿದರು. ಸಿಟ್ಟಿಲ್ಲ. ಗಾರೆ ಹಸಿ ಇರುವಾಗಲೇ ತೆಗೆಯಬೇಕು ಎಂದು ಹೇಳಿ, ಇಟ್ಟಿಗೆ ಒರೆಸಿ ಬದಿಗಿಟ್ಟು, ಮುಂದಿನ ಮನೆಗೆ ಹೋದರು.

ನಾನು ಮರಳಿನ ಮೇಲೆ ಕೂತೆ. ಅಳು ಬಂತು. ಅರ್ಧ ದಿನದ ಕೆಲಸಕ್ಕೆ ಅಷ್ಟು ಅಳುವುದು ಯಾಕೆ ಎಂದು ನನಗೇ ತಿಳಿಯಲಿಲ್ಲ. ಸೆರಗಿಲ್ಲದ ಮೈ, ಕಣ್ಣೊರೆಸಲು ಅಂಗಿಯ ತೋಳು. ಹೆಡ್ವಿಗ್ ಬಂದು ಪಕ್ಕದಲ್ಲಿ ಕೂತಳು. ಬುತ್ತಿಯ ರೊಟ್ಟಿ ಮುರಿದು ಅರ್ಧ ಕೊಟ್ಟಳು. ಆಮೇಲೆ, ಏಕೋ ಏನೋ, ತನ್ನ ಕತೆ ಹೇಳತೊಡಗಿದಳು. ಅಷ್ಟರಲ್ಲಿ ಅಲ್ಲಿನ ಶಾಲೆಯಲ್ಲಿ ಭಾಷೆ ಹಿಡಿದಿದ್ದ ವಾರಿಜ ನಡುವೆ ಕೂತು ತಿಳಿದಷ್ಟನ್ನು ತುಳುವಿಗೆ ತರುತ್ತಿದ್ದಳು.

ಪೂರ್ವದಲ್ಲಿ ಅವರದು ದೊಡ್ಡ ಬೇಸಾಯ. ಗೋಧಿ, ದನ, ಹನ್ನೆರಡು ಕುದುರೆ. ಯುದ್ಧಕಾಲದಲ್ಲಿ ಪೋಲೆಂಡಿನಿಂದ ಹಿಡಿದು ತಂದ ಆಳುಗಳನ್ನು ಸರಕಾರ ಅವರಿಗೆ ಕೊಟ್ಟಿತ್ತು. ಅವರು ಕುದುರೆಲಾಯದ ಅಟ್ಟದಲ್ಲಿ ಮಲಗುತ್ತಿದ್ದರು.

"ಒಂದು ಚಳಿಗಾಲದಲ್ಲಿ ಅವರಲ್ಲೊಬ್ಬಳು ಸತ್ತಳು" ಎಂದಳು ಹೆಡ್ವಿಗ್. "ಚಳಿಗೆ. ಅಂದು ನಾನು ಕೆಳಗೆ ಹೋಗಿ ಕುದುರೆಗಳಿಗೆ ಕಂಬಳಿ ಹೊದೆಸಿ ಬಂದಿದ್ದೆ. ಏಣಿ ಅಲ್ಲೇ ಇತ್ತು. ಹತ್ತಲಿಲ್ಲ. ಇಲ್ಲಿ ಬರಾಕಿಗೆ ಬಂದ ಮೊದಲ ಚಳಿಗಾಲದಲ್ಲಿ ಅದು ನೆನಪಾಯಿತು. ಅದಕ್ಕೆ ಮೊದಲು ಆಗಿರಲಿಲ್ಲ."

ವಾರಿಜ ಅದನ್ನು ಹೇಳಿ ಮುಗಿಸುವಾಗ ಅವಳ ಸ್ವರ ಸಣ್ಣದಾಗಿತ್ತು.

ಹೆಡ್ವಿಗ್ ನನ್ನನ್ನು ಕೇಳಿದಳು: "ನಿಮ್ಮದೂ ಬೇಸಾಯದ ಮನೆ ಅಂತೆ. ನಿಮ್ಮ ಆಳುಗಳು ಎಲ್ಲಿ ಮಲಗುತ್ತಾರೆ?"

"ಅವರಿಗೆ ಮನೆ ಉಂಟು ಅಂತ ಹೇಳು" ಎಂದೆ.

ವಾರಿಜ ಹೇಳಲಿಲ್ಲ. ನನ್ನ ಮುಖ ನೋಡಿದಳು. "ಸುಳ್ಳು ಯಾಕೆ ಹೇಳುವುದು ಅಮ್ಮ? ಬೆಳುವಾಯಿಯಲ್ಲಿ ತನಿಯನ ಮನೆಯ ಒಳಗೆ ನನಗೇ ನೆಟ್ಟಗೆ ನಿಲ್ಲಲಿಕ್ಕೆ ಆಗುವುದಿಲ್ಲ. ಮಳೆಗಾಲದಲ್ಲಿ ಅವರು ಕೂತುಕೊಂಡೇ ಮಲಗುವುದು."

"ನೀನು ಯಾವಾಗ ಹೋದದ್ದು ಅಲ್ಲಿಗೆ?"

"ಬೆಳುವಾಯಿಗೆ ಹೋದಾಗಲೆಲ್ಲ ಹೋಗ್ತೇನೆ. ಅವರ ಮಗಳ ಹತ್ತಿರ ಆಡಲಿಕ್ಕೆ. ನಿಮಗೆ ಹೇಳಿದರೆ ಸ್ನಾನ ಮಾಡಿಸ್ತೀರಿ ಅಂತ ಹೇಳಲಿಲ್ಲ."

ಉಳಿದ ರೊಟ್ಟಿಯನ್ನು ಕೆಳಗಿಟ್ಟೆ. ಯಾಕೆಂದರೆ ವಾರಿಜಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಹೇಳಬೇಕಾದ ಸಂಗತಿ ಎಂದೇ ತಿಳಿದಿರಲಿಲ್ಲ.

ತನಿಯ ನಮ್ಮ ಮನೆಯ ಮೂಲದಾಳು. ಅಂದರೆ ಅಜ್ಜನ ಕಾಲದಿಂದ ನಮ್ಮ ಗದ್ದೆಗೇ ಅಂಟಿಕೊಂಡ ಸಂಸಾರ. ನನಗೆ ಹನ್ನೊಂದು ವರ್ಷ ಇದ್ದಾಗ ಅವನಿಗೆ ಐತೆಯೊಡನೆ ಮದುವೆಯಾಯಿತು. ಮುಳಿಹುಲ್ಲಿನ ಗುಡಿಸಲು ಸಾಲದೆಂದು, ನಮ್ಮ ಕೆಲಸ ಮುಗಿಸಿದ ಮೇಲೆ ಗುಡ್ಡೆಯಲ್ಲಿ ತಾನೇ ಕೆಂಪುಕಲ್ಲು ಕಡಿದು ನಾಲ್ಕು ಗೋಡೆ ಎಬ್ಬಿಸಿದ. ಎದೆಯೆತ್ತರಕ್ಕೆ ಬಂದಿತ್ತು. ಒಂದು ಬೆಳಿಗ್ಗೆ ಮಾವ ಹೋಗಿ ನೋಡಿದರು. "ಇವನಿಗೆ ಮಣ್ಣು ಸಾಕು. ಕಲ್ಲು ಹಟ್ಟಿಗೆ ಆಗ್ತದೆ" ಎಂದರು. ಅಷ್ಟೇ. ತನಿಯನೇ ಕೆಡವಿದ. ತನಿಯನೂ ಐತೆಯೂ ಒಂದೊಂದೇ ಕಲ್ಲು ತಲೆಯ ಮೇಲೆ ಹೊತ್ತು ನಮ್ಮ ಅಂಗಳಕ್ಕೆ ತಂದರು. ದನದ ಹಟ್ಟಿಯ ಗೋಡೆ ಆ ಕಲ್ಲಿನದು.

ಎಣಿಸಲು ಮಾವ ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿದ್ದರು. ನಾನು ಶಾಲೆಯಲ್ಲಿ ಲೆಕ್ಕಕ್ಕೆ ಮುಂದು. ಒಂದೂ ತಪ್ಪದೆ ಗಟ್ಟಿಯಾಗಿ ಎಣಿಸಿದೆ. ಇನ್ನೂರ ಹದಿನಾಲ್ಕು. ಮಾವ ಬೆನ್ನು ತಟ್ಟಿ ಬೆಲ್ಲ ಕೊಟ್ಟರು.

ನಾನು ನಾಲ್ಕು ವರಿಸೆ ಇಟ್ಟಿಗೆಗೆ ಅತ್ತೆ. ಆ ದಿನ ಐತೆ ಅತ್ತಳೋ ಇಲ್ಲವೋ ನನಗೆ ನೆನಪಿಲ್ಲ. ಎಣಿಸುವಾಗ ನಾನು ಮುಖ ನೋಡಿರಲಿಲ್ಲ.

ಇದನ್ನೆಲ್ಲ ನಾನು ತುಳುವಿನಲ್ಲಿ ಹೇಳಿದೆ. ವಾರಿಜ ಕೇಳಿಸಿಕೊಂಡಳು. ಜರ್ಮನ್ ಭಾಷೆಗೆ ತರಲಿಲ್ಲ. ಹೆಡ್ವಿಗ್ ಏನೆಂದು ಕೇಳಲೂ ಇಲ್ಲ. ಎದ್ದು ಗಾರೆಯ ಬಾಣಲೆ ನನ್ನ ಕಡೆ ತಳ್ಳಿದಳು.

ಮಾಡು ಏರಿದ ದಿನ

ಮನೆಯ ಗೋಡೆಗಳ ಮೇಲೆ ಮಾಡಿನ ಮರ ಏರಿದ ದಿನ ಅಲ್ಲಿನವರು ತುದಿಗೆ ಒಂದು ಹಸಿರು ಮರದ ಕೊಂಬೆ ಕಟ್ಟಿದರು. ನಮ್ಮಲ್ಲಿ ಮಾವಿನೆಲೆ ಕಟ್ಟುವ ಹಾಗೆ. ಇವರು ಹೆಂಚು ಹೊದೆಸುವ ಗುಂಪಿಗೆ ಮೇಸ್ತ್ರಿಯೇ ಆಗಿಬಿಟ್ಟಿದ್ದರು. ಪ್ರತಿಯೊಂದು ಹೆಂಚನ್ನೂ ಬೆರಳಿನಿಂದ ಬಡಿದು ಶಬ್ದ ಕೇಳಿ, ಸರಿಯಿಲ್ಲದ್ದನ್ನು ಬದಿಗಿಡುತ್ತಿದ್ದರು. ಜರ್ಮನರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

ಹೆಡ್ವಿಗಳಿಗೆ ಮನೆಯ ಕಾಗದ ಕೊಟ್ಟರು. ಅವಳು ಅದನ್ನು ಓದಲಿಲ್ಲ, ತಂದೆಯ ಮಡಿಲಲ್ಲಿ ಇಟ್ಟಳು. ಮುದುಕ ಕನ್ನಡಕ ಹಾಕಿ ಪ್ರತಿಯೊಂದು ಸಾಲನ್ನೂ ಬೆರಳಿಟ್ಟು ಓದಿದ. ಎಲ್ಲರೂ ಕಾದೆವು. ಯಾರೂ ಅವಸರ ಮಾಡಲಿಲ್ಲ.

ಹಿಂತಿರುಗುವ ಲಾರಿಯಲ್ಲಿ ಇವರು, "ಏನು, ಮಾತೇ ಇಲ್ಲ" ಎಂದರು. ನಾನು ಕಲ್ಲಿನ ವಿಷಯ ಹೇಳಿದೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. ಇವರು, "ಊರಿಗೆ ಹೋಗಿ ಒಂದು ಕಟ್ಟುವ" ಎಂದರು. "ಹೆಂಚು ನಾನು ತರ್ತೇನೆ."

ಬೆಳುವಾಯಿ

ಅಷ್ಟು ಸುಲಭ ಎಂದುಕೊಂಡಿದ್ದೆವು.

ವರ್ಷ ಮುಗಿಸಿ ಊರಿಗೆ ಬಂದ ಮೊದಲ ವಾರವೇ ಬೆಳುವಾಯಿಗೆ ಹೋದೆವು. ಮಾವ ನಮಗಾಗಿ ಕೋಳಿ ಕೊಯ್ಯಿಸಿದ್ದರು. ಊಟವಾದ ಮೇಲೆ ಚಾವಡಿಯಲ್ಲಿ ಕೂತು ನಾನು ವಿಷಯ ತೆಗೆದೆ. ಅವರು ಅಡಿಕೆ ಕತ್ತರಿಸುವುದನ್ನು ನಿಲ್ಲಿಸಲಿಲ್ಲ.

"ನೀನು ಅಲ್ಲಿ ಗಂಡಸರ ಚಡ್ಡಿ ಹಾಕಿ ಮಣ್ಣು ಹೊತ್ತದ್ದು ಇಲ್ಲಿ ಎಲ್ಲರಿಗೂ ಗೊತ್ತುಂಟು" ಎಂದರು. ವಾರಿಜ ಶಾಲೆಯ ಗೆಳತಿಗೆ ಕಾಗದ ಬರೆದಿದ್ದಳಂತೆ. "ಅಲ್ಲಿ ಮಾಡಿದ್ದಕ್ಕೆ ನಾನು ಏನೂ ಹೇಳಲಿಲ್ಲ. ಇಲ್ಲಿ ಬೇಡ."

"ಒಂದು ಮನೆ ಮಾವ. ನಾವೇ ಕಟ್ತೇವೆ."

"ಒಂದು ಅಲ್ಲ. ಇವನಿಗೆ ಕಲ್ಲಿನ ಗೋಡೆ ಆದರೆ ನಾಳೆ ಎಲ್ಲ ಮನೆಯ ಆಳುಗಳೂ ಕೇಳ್ತಾರೆ. ಊರಿನವರು ನನ್ನ ಹತ್ತಿರ ಬರ್ತಾರೆ, ನಿನ್ನ ಹತ್ತಿರ ಅಲ್ಲ. ನೀನು ಬಂಟ್ವಾಳದ ಬಸ್ಸು ಹತ್ತಿ ಹೋಗ್ತೀ. ಇಲ್ಲಿ ಇರುವವ ನಾನು."

ಅದು ಸುಳ್ಳಲ್ಲ. ನಾನು ಎದ್ದು ಗದ್ದೆಯ ಕಟ್ಟಪುಣಿಯ ಬದುವಿನಲ್ಲಿ ನಡೆದು ತನಿಯನ ಗುಡಿಸಲಿಗೆ ಹೋದೆ. ಹುಟ್ಟಿದ ಮನೆಯಿಂದ ಕೂಗಳತೆ ದೂರ. ನಾನು ಅಲ್ಲಿಗೆ ಹೋದದ್ದು ಅದೇ ಮೊದಲು. ತನಿಯ ಹೊರಗೆ ಬಂದು, ತಲೆಯ ಮೇಲಿನ ಅಡಿಕೆ ಹಾಳೆಯ ಮುಟ್ಟಾಳೆ ತೆಗೆದು, ದೂರದಲ್ಲಿ ನಿಂತ. ಕೂದಲು ಬೆಳ್ಳಗಾಗಿತ್ತು. ಮನೆ ಕಟ್ಟುವ ಮಾತು ಹೇಳಿದೆ. ಅವನ ಮುಖ ಅರಳುತ್ತದೆ ಎಂದು ನಾನು ಹಡಗಿನಲ್ಲಿ ಎಷ್ಟೋ ಸಲ ಕಲ್ಪಿಸಿಕೊಂಡಿದ್ದೆ.

"ಬೇಡ ಉಳ್ಳಾಲ್ದಿ" ಎಂದ. ಒಡತಿ ಎಂಬುದಕ್ಕೆ ಅವರು ಹಾಗೆ ಹೇಳುತ್ತಾರೆ. "ಕಟ್ಟುವುದು ಕಷ್ಟ ಇಲ್ಲ. ಕೆಡಹಲಿಕ್ಕೆ ಈಗ ನನ್ನಿಂದ ಆಗುವುದಿಲ್ಲ."

ಗುಡಿಸಲ ಒಳಗಿನಿಂದ ಐತೆಯ ಸ್ವರ ಬಂತು. "ಜಾಗ ಯಾರದ್ದು ಅಂತ ಕೇಳಿ."

"ನೀನು ಸುಮ್ಮನಿರು" ಎಂದ ತನಿಯ.

ಐತೆ ಬಗ್ಗಿ ಹೊರಗೆ ಬಂದಳು. ನನ್ನ ಮುಖ ನೋಡಿಯೇ ಮಾತಾಡಿದಳು. "ಕಲ್ಲು ನಾವು ಕಡಿಯುತ್ತೇವೆ. ಗೋಡೆ ನಾವು ಕಟ್ಟುತ್ತೇವೆ. ಅಡಿಯ ಮಣ್ಣು ನಮ್ಮದು ಅಂತ ಬರೆದು ಕೊಡ್ಲಿಕ್ಕೆ ಆಗ್ತದಾ? ಆಗದಿದ್ದರೆ ನಮಗೆ ಈ ಮುಳಿಹುಲ್ಲೇ ಸಾಕು."

ಮನೆ ಕೊಡುತ್ತೇನೆ ಎಂದು ಹೋದವಳಿಗೆ ಇಂಥ ಮಾತು. ಮೊದಲು ಬಂದದ್ದು ಸಿಟ್ಟು. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ? ಇವಳಿಗೆ ಎಷ್ಟು ಧೈರ್ಯ ಎಂದು ನನ್ನೊಳಗೆ ಒಬ್ಬಳು ಹೇಳಿದಳು. ಆ ಸ್ವರ ಮಾವನದೇ ಇದ್ದಂತೆ ಕೇಳಿತು.

ಬೆಳ್ತಂಗಡಿ

ಬರೆದು ಕೊಡಲು ಮಣ್ಣು ನನ್ನ ಕೈಯಲ್ಲಿ ಇರಬೇಕಲ್ಲ. ಹೆಣ್ಣುಮಕ್ಕಳಿಗೆ ಇಳಿಯುವ ಆಸ್ತಿಯೆಂದು ಹೇಳಿಕೊಳ್ಳುವುದೇ ಹೊರತು, ನಮ್ಮ ಮನೆಯ ಯಾವ ಹೆಂಗಸೂ ಒಂದು ಹಿಡಿ ಮಣ್ಣನ್ನು ನನ್ನದು ಎಂದು ಕೇಳಿದ್ದಿಲ್ಲ. ಮರುದಿನ ನಾನು ಚಾವಡಿಗೆ ಹೋಗಿ ಮಾವನ ಎದುರು ನಿಂತು ಹೇಳಿದೆ: "ಹಾಗಾದರೆ ನನ್ನ ಪಾಲು ಬೇರೆ ಮಾಡಿ ಕೊಡಿ."

ಅಡಿಕೆ ಕತ್ತರಿ ನಿಂತಿತು. ಒಳಗೆ ನನ್ನ ಅಮ್ಮನ ಕೈಯಿಂದ ಏನೋ ಬಿದ್ದ ಶಬ್ದ. ಮಾವ ನನ್ನನ್ನು ನೋಡಿದ ರೀತಿ ಈಗಲೂ ಕಣ್ಣ ಮುಂದೆ ಇದೆ. ಸಿಟ್ಟಲ್ಲ. ಹೊಡೆತ ತಿಂದವರ ಹಾಗೆ. ಹಡಗಿಗೆ ಹತ್ತಿಸಿ ಕಳಿಸಿದ ಸೊಸೆ ಬಂದು ಮನೆ ಒಡೆಯುವ ಮಾತಾಡಿದಳು.

ಎದ್ದು ಶಾಲು ಹಾಕಿಕೊಂಡು ಬಸ್ಸು ಹಿಡಿದು ಬೆಳ್ತಂಗಡಿಗೆ ಹೋದರು. ಅಲ್ಲಿ ಅವರ ಪರಿಚಯದ ಒಬ್ಬ ವಕೀಲರಿದ್ದರು. ಆ ವಕೀಲರು ಹೇಳಿದ್ದನ್ನು ಆಮೇಲೆ ನನಗೆ ತಿಳಿಸಿದವಳು ಅಮ್ಮ.

"ಕಾನೂನು ಬದಲಾಗಿದೆ ಶೆಟ್ಟರೆ. ಅವಳು ಕೇಳಬಹುದು. ಕೇಳಿದರೆ ಕೊಡಬೇಕಾಗ್ತದೆ. ಕೇಳದ ಹಾಗೆ ನೋಡಿಕೊಳ್ಳಿ."

ಮೂರು ದಿನ ಮಾವ ಚಾವಡಿಗೆ ಬರಲಿಲ್ಲ. ನಾಲ್ಕನೆಯ ದಿನ ಅಮ್ಮನ ಮೂಲಕ ಕರೆಸಿದರು. ನನ್ನ ಕಡೆ ನೋಡದೆ, ಅಂಗಳದ ಕಡೆ ನೋಡುತ್ತ ಹೇಳಿದರು: "ಗುಡ್ಡೆಯ ಬದಿಯಲ್ಲಿ ಹತ್ತು ಸೆಂಟ್ಸ್. ಅವನ ಹೆಸರಿಗೆ ಬರೆಸಿ ಕೊಡ್ತೇನೆ. ಪಾಲಿನ ಮಾತು ಇನ್ನು ಈ ಮನೆಯಲ್ಲಿ ಬರಬಾರದು."

"ಬರುವುದಿಲ್ಲ ಮಾವ."

"ಮತ್ತೆ, ನೀನು ಬಂದಾಗ ನಾನು ಹೊರಗೆ ಬರುವುದಿಲ್ಲ. ಬೇಸರ ಮಾಡಬೇಡ."

ಅವರು ಆಡಿದ್ದನ್ನು ನಡೆಸಿದರು. ಆರು ವರ್ಷದ ಮೇಲೆ ತೀರಿಕೊಳ್ಳುವವರೆಗೆ ನನ್ನ ಎದುರು ಬರಲಿಲ್ಲ, ಒಂದು ಮಾತು ಆಡಲಿಲ್ಲ. ಕಾಗದ ಮಾತ್ರ ಆ ವಾರವೇ ಮಾಡಿಸಿಕೊಟ್ಟರು.

ಗುಡ್ಡೆ

ಬೇಸಗೆ ರಜೆಯಲ್ಲಿ ಕಟ್ಟಲು ತೊಡಗಿದೆವು. ಇವರ ಅಕ್ಕನ ಮನೆ ಮೂಡಬಿದ್ರೆಯಲ್ಲಿತ್ತು. ನಾನೂ ವಾರಿಜಳೂ ಅಲ್ಲಿ ಉಳಿದು ದಿನಾ ಬಸ್ಸಿನಲ್ಲಿ ಬರುತ್ತಿದ್ದೆವು. ಇವರು ಆದಿತ್ಯವಾರ ಬರುತ್ತಿದ್ದರು. ಊರಿನ ಮೇಸ್ತ್ರಿಗಳು ಯಾರೂ ಒಪ್ಪಲಿಲ್ಲ. ಮಡಂತ್ಯಾರಿನ ಕಡೆಯಿಂದ ಒಬ್ಬ ಮೇಸ್ತ್ರಿ ಬಂದು ಅಡಿಪಾಯ ಹಾಕಿಕೊಟ್ಟ. ಉಳಿದದ್ದು ತನಿಯ, ಐತೆ, ಅವರ ಮಗಳು, ನಾವು.

ಹಟ್ಟಿಯ ಕಲ್ಲುಗಳನ್ನು ಕೇಳಿ ತರುತ್ತೇನೆ ಎಂದೆ. ತನಿಯ ತಲೆಯಾಡಿಸಿದ. "ಅದು ಅಲ್ಲೇ ಇರಲಿ. ದನಗಳಿಗೆ ಅಭ್ಯಾಸ ಆಗಿದೆ. ನಾನು ಹೊಸದು ಕಡೀತೇನೆ." ಕಡಿದ ಕೂಡ. ಒಂದೊಂದು ಕಲ್ಲೂ ಸಾಬೂನಿನ ಹಾಗೆ ನಯ.

ನಾನು ಜರ್ಮನಿಯಲ್ಲಿ ಕಲಿತವಳೆಂಬ ಜಂಬದಿಂದ ಒಂದು ಮೂಲೆ ಎಬ್ಬಿಸಿದೆ. ಮರುದಿನ ಬಂದು ನೋಡಿದರೆ ಆ ಮೂಲೆಯ ಕಲ್ಲುಗಳೆಲ್ಲ ಬೇರೆ ರೀತಿ ಕೂತಿವೆ. ಸರಿಯಾಗಿ ಕೂತಿವೆ. ತನಿಯ ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದ, ಬೈಗುಳ ಕಾಯುವವನ ಹಾಗೆ.

"ಓರೆ ಇದ್ದರೆ ಓರೆ ಅಂತ ಹೇಳಬೇಕು ತನಿಯ."

"ಹೇಳ್ತೇನೆ" ಎಂದ. ಹೇಳಲೇ ಇಲ್ಲ. ಐತೆ ಹೇಳುತ್ತಿದ್ದಳು. ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದಳು. "ಇದು ಹಂದಿ ಒರಗಿದರೂ ಬೀಳ್ತದೆ, ತೆಗೆಯಿರಿ."

ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನನ್ನ ಸೋದರ ಸಂಬಂಧಿಯೊಬ್ಬಳು ಬಸ್ಸಿನಲ್ಲಿ ಎದುರಾದಾಗ ಸೀಟು ಬದಲಿಸಿ ಕೂತಳು. ನನಗೆ ಬೆಚ್ಚಿಬೀಳುವಂತಾದದ್ದು ಅದರಿಂದಲ್ಲ. ಐರೋಪ್ಯರ ನಡುವೆ ಸಲಿಕೆ ಹಿಡಿಯುವಾಗ ನಾಚಿಕೆ ಆದದ್ದು ಪ್ಯಾಂಟಿಗೆ ಮಾತ್ರ. ಇಲ್ಲಿ, ನನ್ನದೇ ಊರಲ್ಲಿ, ನನ್ನದೇ ಸೀರೆಯಲ್ಲಿ, ಐತೆಯ ಕೈಯಿಂದ ಕಲ್ಲು ತೆಗೆದುಕೊಳ್ಳುವಾಗ ಮೊದಲ ಎರಡು ದಿನ ನನ್ನ ಬೆರಳುಗಳು ಅವಳ ಬೆರಳು ತಾಗದಂತೆ ತಾವಾಗಿಯೇ ಜಾರಿಕೊಳ್ಳುತ್ತಿದ್ದವು. ನಾನು ಹೇಳಿದ್ದಲ್ಲ. ಅವು ಎಲ್ಲಿ ಕಲಿತವೋ. ಅವಳು ಅದನ್ನು ಕಂಡಿದ್ದಳು. ಮೂರನೆಯ ದಿನ ಅವಳು ಒಂದು ಕಲ್ಲನ್ನು ಅರ್ಧದಲ್ಲೇ ಬಿಟ್ಟಳು. ನಾನು ಹಿಡಿಯಲೇಬೇಕಾಯಿತು, ಅವಳ ಕೈಯ ಮೇಲೆಯೇ ಕೈ ಇಟ್ಟು.

"ಭಾರ ಉಂಟಲ್ಲ" ಎಂದಳು.

"ಉಂಟು" ಎಂದೆ.

ಮಳೆ ಹಿಡಿಯುವ ಐದು ದಿನ ಮೊದಲು ಮಾಡಿಗೆ ಹೆಂಚು ಕೂತಿತು. ಇವರು ಲಾರಿಯಲ್ಲಿ ತಂದದ್ದು.

ಆಮೇಲೆ ಮಳೆಗಾಲವೆಲ್ಲ ನನಗೆ ಬೆಳುವಾಯಿಗೆ ಹೋಗಲಾಗಲಿಲ್ಲ. ನೆರೆ ಬಂದು ಕಾರ್ಖಾನೆಯ ಅಂಗಳಕ್ಕೇ ನೀರು ನುಗ್ಗಿತ್ತು. ದೀಪಾವಳಿಯ ಮುನ್ನಾದಿನ ಹೋದೆ. ಮಧ್ಯಾಹ್ನದ ಹೊತ್ತು. ಅಮ್ಮನನ್ನು ಮಾತಾಡಿಸಿ, ಹೊಸ ಬಟ್ಟೆಯ ಕಟ್ಟು ಹಿಡಿದು ಗುಡ್ಡೆ ಹತ್ತಿದೆ. ಅಂಗಳ ಸಾರಿಸಿತ್ತು. ಬೇಲಿಗೆ ಹೀರೆಬಳ್ಳಿ ಹಬ್ಬಿತ್ತು. ನಾನು ನೇರ ಮೆಟ್ಟಿಲೇರಿ ಬಾಗಿಲು ತಳ್ಳಿದೆ.

ತೆರೆಯಲಿಲ್ಲ. ಒಳಗಿನಿಂದ ಅಗುಳಿ ಹಾಕಿತ್ತು.

ಒಂದು ಗಳಿಗೆ ನನಗೆ ಏನಾಯಿತೆಂದು ಅರ್ಥವಾಗಲಿಲ್ಲ. ಈ ಊರಿನ ಯಾವ ಆಳಿನ ಮನೆಯೂ ನಮ್ಮವರಿಗೆ ಮುಚ್ಚಿದ್ದನ್ನು ನಾನು ಕಂಡವಳಲ್ಲ. ಮುಚ್ಚಲು ಅವುಗಳಿಗೆ ಬಾಗಿಲೇ ಇರುತ್ತಿರಲಿಲ್ಲ. ಕೈ ಎತ್ತಿ ತಟ್ಟಿದೆ.

"ಏರ್?" ಎಂದು ಒಳಗಿನಿಂದ ಐತೆಯ ಸ್ವರ. ಯಾರು ಎಂದು.

'ನಾನು' ಎನ್ನಲು ಹೊರಟೆ. ಅಷ್ಟು ಸಾಲದೆಂದು ತೋರಿತು.

"ಲೀಲಾವತಿ" ಎಂದೆ. "ಬಂಟ್ವಾಳದಿಂದ."

"ಸ್ವಲ್ಪ ನಿಲ್ಲಿ. ಸ್ನಾನ ಮಾಡ್ತಾ ಇದ್ದೇನೆ."

ಒಳಗೆ ನೀರು ಸುರಿಯುವ ಶಬ್ದ ಮತ್ತೆ ಸುರುವಾಯಿತು. ಅವಸರವಿಲ್ಲದೆ, ಚೊಂಬು ಚೊಂಬಾಗಿ. 'ನಿಲ್ಲಿ' ಎಂದು ನನಗೆ ಹೇಳಿದ್ದಳು. ನಾನು ಬಟ್ಟೆಯ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲ ಮೇಲೆ ಕೂತು ಕಾದೆ.